ಕೊನೆಗೌಡರು ಬೇಕಾಗಿದ್ದಾರೆ

ಪತ್ರಿಕೆಗಳ ‘ಬೇಕಾಗಿದ್ದಾರೆ’ ಜಾಹೀರಾತುಗಳನ್ನು ಓದುವುದು ಕೆಲವರಿಗೆ ಅವಶ್ಯಕತೆ, ಕೆಲವರಿಗೆ ವಿನೋದ. ಕೆಲಸವಿಲ್ಲದವನು ಕೆಲಸಕ್ಕಾಗಿ ಓದುತ್ತಾನೆ. ಕೆಲಸವಿರುವವನು ತನ್ನ ಕೆಲಸಕ್ಕೆ ಬೇರೆಯವರು ಎಷ್ಟು ಸಂಬಳ ಕೊಡುವರೆಂಬುದನ್ನು ತಿಳಿದು ನಿಟ್ಟುಸಿರಿಡಲು ಓದುತ್ತಾನೆ. ಮಲೆನಾಡಿನ ಊರುಗಳಲ್ಲಿ ಈ ಕಾರ್ತಿಕ ಮಾಸದ ಜಾಹೀರಾತುಗಳನ್ನು ನೋಡಿದರೆ, ಔಷಧಿ ಅಂಗಡಿಗೆ ಹುಡುಗರು, ಹೋಟೆಲಿಗೆ ಅಡಿಗೆಯವರು, ಟಿಪ್ಪರಿಗೆ ಚಾಲಕರು, ಖಾಸಗಿ ಶಾಲೆಗೆ ಗಣಿತದ ಅಧ್ಯಾಪಕರು, ಸಾಲ ವಸೂಲಿಗೆ ‘ಫೀಲ್ಡ್ ಆಫೀಸರು’ಗಳು ಬೇಕಾಗಿದ್ದಾರೆ. ಇವರೆಲ್ಲರಿಗಿಂತ ತುರ್ತಾಗಿ ಬೇಕಾಗಿರುವ ಒಬ್ಬನ ಹೆಸರು ಮಾತ್ರ ಆ ಪುಟದಲ್ಲಿಲ್ಲ. ಅವನನ್ನು ಅರಸಿಕೊಂಡು ತೋಟದ ಯಜಮಾನರು ಬೆಳಕು ಹರಿಯುವ ಮುನ್ನವೇ ಅವನ ಮನೆಯ ಬಾಗಿಲಿಗೆ ಹೋಗುತ್ತಾರೆ. ಮುಂಗಡ ಕೊಡುತ್ತಾರೆ. ಅವನು, “ನಾಡಿದ್ದು ಬರ್ತೀನಿ, ಹೆಗಡೇರೆ” ಎಂದರೆ ಆ ನಾಡಿದ್ದು ಯಾವ ವಾರದ ನಾಡಿದ್ದು ಎಂದು ಕೇಳುವ ಧೈರ್ಯವಿಲ್ಲದೆ ಹಿಂದಿರುಗುತ್ತಾರೆ. ಅವನೇ ಕೊನೆಗೌಡ.

ಬಯಲುಸೀಮೆಯ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಅಡಿಕೆಯ ಗೊಂಚಲಿಗೆ ಮಲೆನಾಡಿನಲ್ಲಿ ಕೊನೆ ಎಂದು ಹೆಸರು. ಐವತ್ತು ಅರುವತ್ತು ಅಡಿ ಎತ್ತರಕ್ಕೆ ಒಂದು ಕೊಂಬೆಯೂ ಇಲ್ಲದೆ ನೆಟ್ಟಗೆ ಬೆಳೆಯುವ ಮರದ ತುದಿಯಿಂದ ಆ ಕೊನೆಯನ್ನು ಕೊಯ್ದು ಇಳಿಸುವವನು ಕೊನೆಗೌಡ. ಗೌಡ ಎಂಬುದು ಇಲ್ಲಿ ಜಾತಿಸೂಚಕವಲ್ಲ. ಕೆಲಸಕ್ಕೆ ಸಂದ ಮರ್ಯಾದೆ. ಪಾದಗಳಿಗೆ ಕುಣಿಕೆ ಸಿಕ್ಕಿಸಿಕೊಂಡು ಮರವೇರಿ, ಕಾಯಿ ಹದಕ್ಕೆ ಬಂದ ಕೊನೆಯನ್ನಷ್ಟೇ ಆರಿಸಿ ಕೊಯ್ದು, ಕೆಳಗೆ ಒಬ್ಬನು ಹಿಡಿದು ನಿಂತ ಹಗ್ಗದ ಮೇಲೆ ಜಾರಿಬಿಟ್ಟು, ಅನಂತರ ನೆಲಕ್ಕಿಳಿಯದೆ, ಮರವನ್ನು ಬಾಗಿಸಿ ಪಕ್ಕದ ಮರವನ್ನು ಕೈಯಿಂದ ಹಿಡಿದು ದಾಟಿಬಿಡುತ್ತಾನೆ. ಯಾವ ಮರ ಬಾಗುತ್ತದೆ, ಯಾವುದು ಮುರಿಯುತ್ತದೆ ಎಂಬುದನ್ನು ಅವನ ಅಂಗಾಲು ಬಲ್ಲುದು. ಹಸಿ ಅಡಿಕೆ ಒಂದು ವಾರ ಮೊದಲಾದರೆ ತೂಕವಿಲ್ಲ, ಒಂದು ವಾರ ತಡವಾದರೆ ಬಣ್ಣವಿಲ್ಲ. ಈಚಿನ ವರ್ಷಗಳಲ್ಲಿ ರಾಶಿ ಅಡಿಕೆಯ ಧಾರಣೆ ಕ್ವಿಂಟಲಿಗೆ 50 ಸಾವಿರ ರೂಪಾಯಿಗಳನ್ನು ದಾಟಿದ್ದುಂಟು. ಆದ್ದರಿಂದ ಈ ಒಬ್ಬ ಮನುಷ್ಯನ ಒಂದು ವಾರಕ್ಕೆ ಬಂದಿರುವ ಬೆಲೆಯನ್ನು ವಾಚಕರೇ ಊಹಿಸಬಹುದು. ಸುಗ್ಗಿಯಲ್ಲಿ ಅವನ ದಿನಗೂಲಿ ಸಾಮಾನ್ಯ ಕೂಲಿಯ ಎರಡು ಮೂರು ಪಾಲು.

ಇಷ್ಟು ಬೇಡಿಕೆಯಿರುವ ಉದ್ಯೋಗವೊಂದು ಲೆಕ್ಕದ ಪುಸ್ತಕಕ್ಕೆ ಸಿಕ್ಕದೆ ಹೋಗುವುದು ಹೇಗೆ? 2025ರ ಮೇ ತಿಂಗಳಿನಿಂದ ಕೇಂದ್ರ ಸರಕಾರದ ಅಂಕಿಅಂಶ ಇಲಾಖೆಯವರು ನಿರುದ್ಯೋಗದ ಅಂಕಿಗಳನ್ನು ತಿಂಗಳು ತಿಂಗಳೂ ಪ್ರಕಟಿಸತೊಡಗಿದರು. ಆ ವರ್ಷದ ಏಪ್ರಿಲ್ಲಿನಲ್ಲಿ ನೂರಕ್ಕೆ 5.1 ಇದ್ದ ನಿರುದ್ಯೋಗ ಮೇ ತಿಂಗಳಲ್ಲಿ 5.6ಕ್ಕೆ ಏರಿತು. ಹಿಂಗಾರಿನ ಕೊಯ್ಲು ಮುಗಿದುದೂ ಅದಕ್ಕೆ ಒಂದು ಕಾರಣವೆಂದು ಅವರೇ ವಿವರಿಸಿದರು. ಸ್ವಾಗತಾರ್ಹವಾದ ಕೆಲಸ, ಸಂದೇಹವಿಲ್ಲ. ಆದರೆ ತಿಂಗಳ ಅಂಕಿ ಬಂದುದು ಇಡೀ ದೇಶಕ್ಕೆ. ರಾಜ್ಯಗಳ ಅಂಕಿ ಮೂರು ತಿಂಗಳಿಗೊಮ್ಮೆ. ಗೋಧಿಯ ಸೀಮೆಯ ಸುಗ್ಗಿ ಮುಗಿಯುವ ಹೊತ್ತಿನಲ್ಲಿ ನಮ್ಮ ತೋಟಗಳಲ್ಲಿ ಇನ್ನೂ ಎಳೆಯ ಮಿಡಿ. ದೇಶದ ತಿಂಗಳಿಗೂ ತೀರ್ಥಹಳ್ಳಿಯ ತಿಂಗಳಿಗೂ ತಾಳೆಯಾಗುವುದಿಲ್ಲ. ಇನ್ನೊಂದು ಸಂಗತಿಯಿದೆ. ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆಯಷ್ಟು ದುಡಿದಿದ್ದರೂ ಆ ವಾರದ ಲೆಕ್ಕದಲ್ಲಿ ಅವನು ಉದ್ಯೋಗಿ. ಮಳೆಯಲ್ಲಿ ಆರು ದಿನ ಜಗುಲಿಯ ಮೇಲೆ ಕುಳಿತು ಏಳನೆಯ ದಿನ ಒಂದು ಬಾಳೆಗೊನೆ ಕಡಿದವನೂ ಉದ್ಯೋಗಿ. ಕಾರ್ತಿಕದಲ್ಲಿ ದಿನಕ್ಕೆ ನೂರಾರು ಕೊನೆ ಇಳಿಸುವವನೂ ಉದ್ಯೋಗಿ.

ಕಾನೂನಿನ ಮಾತು ಮತ್ತೂ ಸ್ವಾರಸ್ಯವಾದುದು. ಕಚೇರಿ ಕಾರ್ಖಾನೆಗಳಲ್ಲಿ ತೆರವಾದ ಸ್ಥಾನಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ಕಡ್ಡಾಯವಾಗಿ ತಿಳಿಸಬೇಕೆಂದು 1959ರಲ್ಲಿ ಒಂದು ಶಾಸನವಾಯಿತು. ಯಾವುದನ್ನು ತಿಳಿಸಬೇಕಾಗಿಲ್ಲ ಎಂಬುದಕ್ಕೂ ಅದರಲ್ಲಿ ಒಂದು ಪಟ್ಟಿಯಿತ್ತು. ಯಂತ್ರ ನಡೆಸುವವರನ್ನು ಬಿಟ್ಟು ಖಾಸಗಿ ಕೃಷಿಯ ಮತ್ತು ತೋಟಗಾರಿಕೆಯ ಉಳಿದ ಕೆಲಸಗಳು, ಮನೆಗೆಲಸ, ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಕೆಲಸ. ಕೊನೆಗೌಡನನ್ನು ಎದುರಿಗೆ ನಿಲ್ಲಿಸಿಕೊಂಡು ಬರೆದಿದ್ದರೂ ಅವನನ್ನು ಇದಕ್ಕಿಂತ ಅಚ್ಚುಕಟ್ಟಾಗಿ ಹೊರಗಿಡಲು ಸಾಧ್ಯವಿರಲಿಲ್ಲ. ಆ ಶಾಸನ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಲೀನವಾಗಿದೆ. ಸಂಹಿತೆ 2025ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಅರುವತ್ತೈದು ವರ್ಷಗಳ ಕಾಲ ನಮ್ಮ ನಾಡಿನ ಅತ್ಯಂತ ತುರ್ತಿನ ‘ಖಾಲಿ ಹುದ್ದೆ’ ಸರಕಾರದ ಭಾಷೆಯಲ್ಲಿ ಖಾಲಿಯೂ ಅಲ್ಲ, ಹುದ್ದೆಯೂ ಅಲ್ಲ.

ಮಲೆನಾಡಿನ ಉದ್ಯೋಗದ ಪೇಟೆಯನ್ನು ತಿಳಿಯಬೇಕಾದರೆ ಪಂಚಾಂಗವನ್ನೇ ತೆರೆಯಬೇಕು. ಆಷಾಢ ಶ್ರಾವಣಗಳಲ್ಲಿ ಮದ್ದು ಹೊಡೆಯುವವನಿಗೆ ಕಾಲ. ಮಳೆ ಒಂದು ಗಳಿಗೆ ಬಿಟ್ಟರೆ ಸಾಕು, ಒಂದೇ ದಿನ ಒಂದೇ ಗಂಟೆಯಲ್ಲಿ ಸೀಮೆಯ ಎಲ್ಲ ತೋಟಗಳಿಗೂ ಅವನು ಬೇಕು. ಕಾರ್ತಿಕದಿಂದ ಪುಷ್ಯದವರೆಗೆ ಕೊನೆಗೌಡ. ಅವನ ಬೆನ್ನಿಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸರು, ಹಂಡೆಯಲ್ಲಿ ಚೊಗರು ಹಾಕಿ ಬೇಯಿಸುವವರು, ಅಟ್ಟದ ಮೇಲೆ ಹರವಿ ಒಣಗಿಸುವವರು. ಸುಲಿಯುವ ಯಂತ್ರ ಬಂದ ಮೇಲೆ ರಾತ್ರಿಯ ಸುಲಿಗೆಯ ಕೂಟಗಳು ವಿರಳವಾಗಿವೆ. ಕಥೆ, ಹಾಡು, ಊರಿನ ಮೇಲಣ ನಿಂದೆ ಎಲ್ಲವೂ ಆ ಕೂಟಗಳಲ್ಲಿಯೇ ಬೆಳೆದಂಥವು. ಕನ್ನಡ ಸಾಹಿತ್ಯ ಓದಿದವನಿಗೆ ಇದರಲ್ಲಿ ಒಂದಿಷ್ಟು ದುಃಖವಿರುವುದು ಸಹಜ. ಆದರೆ ಬೆರಳ ತುದಿಗಳು ಕಪ್ಪಾಗಿ ಸೀಳಿಹೋಗುತ್ತಿದ್ದ ಆ ಹೆಂಗಸರಿಗೆ ದುಃಖವಾಗಿದೆಯೆಂದು ನನಗೆ ತೋರಲಿಲ್ಲ. ಅವರ ದುಃಖ ಬೇರೆ: ಡಬ್ಬದ ಲೆಕ್ಕದಲ್ಲಿ ಬರುತ್ತಿದ್ದ ಕಾಸು ಹೋಯಿತು. ಪುಷ್ಯ ಕಳೆದ ಮೇಲೆ ಘಟ್ಟದ ಕಾಫಿ ತೋಟಗಳು ಕೈಯಾಳುಗಳನ್ನು ಎಳೆಯುತ್ತವೆ. ಅಲ್ಲಿಗೆ ಅಸ್ಸಾಮಿನಿಂದಲೂ ಜನ ಬರುತ್ತಾರೆ. ಚೈತ್ರ ವೈಶಾಖಗಳಲ್ಲಿ ಮನೆ ಕಟ್ಟುವ ಗಾರೆಯವರು, ಮದುವೆಯ ಅಡಿಗೆಯವರು. ಮತ್ತೆ ಮಳೆ.

ಈ ಪಂಚಾಂಗ ಅನಾದಿಯಾದುದೆಂದು ಭಾವಿಸಬೇಕಾಗಿಲ್ಲ. ಮದ್ದು ಹೊಡೆಯುವವನ ಉದ್ಯೋಗವನ್ನೇ ನೋಡಿರಿ. ನೂರ ಇಪ್ಪತ್ತು ವರ್ಷಗಳ ಹಿಂದೆ ಅಂಥವನೊಬ್ಬ ಇರಲಿಲ್ಲ. ಮಳೆಗಾಲದಲ್ಲಿ ಕಾಯಿಗಳನ್ನು ಉದುರಿಸುವ ಕೊಳೆರೋಗಕ್ಕೆ, ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ಮರೆಮಾಡುವುದೊಂದೇ ಉಪಾಯವಾಗಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಆ ರೋಗದ ಮೂಲವನ್ನು ಶೋಧಿಸಿ, ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ ಸಿಂಪಡಿಸಬೇಕೆಂದು ತೋರಿಸಿಕೊಟ್ಟರು. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಇಂದಿಗೂ ಅದೇ ಪಾಕ. ಹೀಗೆ ಪ್ರಯೋಗಾಲಯದಿಂದ ಹೊರಬಿದ್ದ ಒಂದು ಸೂತ್ರ ಸಾವಿರಾರು ಮಂದಿಗೆ ಮಳೆಗಾಲದ ಅನ್ನವಾಯಿತು. ಉದ್ಯೋಗಗಳು ಹುಟ್ಟುವುದು ಹೀಗೆ. ಹುಟ್ಟಿದ ಉದ್ಯೋಗಕ್ಕೆ ಒಂದು ಹೆಸರು, ಒಂದು ಭದ್ರತೆ ಕೊಡುವುದು ವಿಜ್ಞಾನಿಯ ಕೆಲಸವಲ್ಲ.

ಹೊಸನಗರದ ಕಡೆಯ ವಾಚಕರೊಬ್ಬರು ಕೋಪದಿಂದ ಬರೆದಿದ್ದಾರೆ: “ತೋಟದಲ್ಲಿ ಆಳಿಲ್ಲ, ಊರಿನ ಕಟ್ಟೆಯ ಮೇಲೆ ಪದವೀಧರರ ಸಾಲು. ಇವರಿಗೆ ಸರಕಾರದ ಭತ್ಯ ಬೇರೆ!” ಅವರ ಕೋಪಕ್ಕೆ ಒಂದು ಚಿತ್ರ ಒದಗಿಬಂದಿದೆ, ನಿಜ. ಪದವೀಧರ ನಿರುದ್ಯೋಗಿಗಳಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಗಳಂತೆ ಎರಡು ವರ್ಷಗಳವರೆಗೆ ಕೊಡುವ ಯುವನಿಧಿಗೆ ಚಾಲನೆ ದೊರೆತುದು 2024ರ ಜನವರಿ 12ರಂದು, ಬೇರೆಲ್ಲೂ ಅಲ್ಲ, ಶಿವಮೊಗ್ಗದಲ್ಲಿ. ಅಡಿಕೆಯ ಸೀಮೆಯ ನಡುಮನೆಯಲ್ಲಿ, ಕೊಯ್ಲು ಇನ್ನೂ ಮುಗಿಯದ ಕಾಲದಲ್ಲಿ. ಆದರೆ ಈ ಚಿತ್ರದಿಂದ ಹುಡುಗರು ಸೋಮಾರಿಗಳೆಂದು ತೀರ್ಮಾನಿಸುವುದು ಲೆಕ್ಕ ತಪ್ಪಿದ ಮಾತು. ಕೊಯ್ಲು ಮೂರು ನಾಲ್ಕು ತಿಂಗಳು; ಮದ್ದಿನ ಕೆಲಸ ಮಳೆಯ ಬಿಡುವು ನೋಡಿಕೊಂಡು ಒಂದೂವರೆ ತಿಂಗಳು. ಎರಡನ್ನೂ ಬಲ್ಲವನಿಗೂ ಅರ್ಧ ವರ್ಷ ಆ ಕೂಲಿಯಿಲ್ಲ. ದೊಡ್ಡ ಕೂಲಿಯನ್ನು ಹನ್ನೆರಡು ತಿಂಗಳಿಗೆ ಹಂಚಿ ನೋಡಿದರೆ ಅದು ಪಟ್ಟಣದ ಅಂಗಡಿಯ ಸಂಬಳದ ಸಮೀಪಕ್ಕೆ ಬಂದು ನಿಲ್ಲುತ್ತದೆ. ಅಂಗಡಿಯಲ್ಲಿ ಯಾರೂ ಅರುವತ್ತು ಅಡಿಯಿಂದ ಬೀಳುವುದಿಲ್ಲ. (ಪರಿಹಾಸ್ಯ ಮಾಡಬೇಕೆಂದಿದ್ದರೆ ನನ್ನನ್ನೇ ಮಾಡಬಹುದು. ಅತಿಥಿ ಉಪನ್ಯಾಸಕನದೂ ಸುಗ್ಗಿಯ ಕೆಲಸವೇ: ಸೆಮಿಸ್ಟರಿನ ಆರಂಭಕ್ಕೆ ಕರೆ, ಮುಗಿದಾಗ ಬಿಡುಗಡೆ. ಭೇದವಿಷ್ಟೆ, ನನ್ನ ಮನೆಯ ಬಾಗಿಲಿಗೆ ಯಾರೂ ಮುಂಗಡ ಹಿಡಿದು ಬರುವುದಿಲ್ಲ.)

ಹಣಕ್ಕಿಂತ ಆಳವಾದ ಕಾರಣವೂ ಒಂದಿದೆ. ಅದನ್ನು ನುಡಿಯಲು ನಮ್ಮ ಕಡೆಯವರು ಸಂಕೋಚಪಡುತ್ತಾರೆ. ತಲೆಮಾರುಗಳಿಂದ ಮರದ ಬುಡದಲ್ಲಿ ನಿಂತು ಕೊನೆ ಎಣಿಸಿದವರು ಒಂದು ಕುಲದವರು, ಮರವೇರಿದವರು ಇನ್ನೊಂದು ಕುಲದವರು. ಏರಿದವನ ಮಗ ಶಾಲೆಗೆ ಹೋದುದು ಮತ್ತೆ ಏರಬಾರದೆಂದೇ. ಕೂಲಿ ಎಷ್ಟೇ ಏರಿದರೂ ಅವನ ತಾಯಿ, “ಬ್ಯಾಡ ಮಗಾ, ನಿಮ್ಮಪ್ಪಂಗೇ ಸಾಕು” ಎನ್ನುವಳು. ಹೆಣ್ಣು ಕೊಡುವವರು ಕೇಳುವ ಮೊದಲ ಪ್ರಶ್ನೆಯೂ ಇದೇ: ಹುಡುಗನಿಗೆ ಏನು ಉದ್ಯೋಗ? ತಿಂಗಳಿಗೆ ಎಷ್ಟು ಎಂಬುದು ಎರಡನೆಯ ಪ್ರಶ್ನೆ. ಈ ವಿಚಾರದಲ್ಲಿ ನಾನು ಆ ತಾಯಿಯ ಪಕ್ಷದವನು. ಕೊನೆಗೌಡರು ಇಲ್ಲವಾಗುತ್ತಿದ್ದಾರೆಂದು ಮರುಗುವವರಲ್ಲಿ ತಮ್ಮ ಮಗನನ್ನು ಮರಕ್ಕೆ ಹತ್ತಿಸಿದವರನ್ನು ನಾನು ಕಂಡುದು ಕಡಿಮೆ.

ಕಂಡೇ ಇಲ್ಲವೆನ್ನಲಾರೆ. ಈಚೆಗೆ ಕಾರ್ಬನ್ ಫೈಬರಿನ ಉದ್ದನೆಯ ಹಗುರ ದೋಟಿಗಳು ಬಂದ ಮೇಲೆ ಕೆಲವು ತೋಟಗಳಲ್ಲಿ ಯಜಮಾನರ ಮಕ್ಕಳೇ ನೆಲದ ಮೇಲೆ ನಿಂತು ಕೊನೆ ಇಳಿಸುತ್ತಿದ್ದಾರೆ, ಮದ್ದನ್ನೂ ಹೊಡೆಯುತ್ತಿದ್ದಾರೆ. ನಾಲ್ಕಾರು ಮಂದಿ ಸೇರಿ ದೋಟಿಗಳನ್ನು ಕೊಂಡು ಊರೂರು ತಿರುಗಿ ಗುತ್ತಿಗೆ ಹಿಡಿಯುವ ತಂಡಗಳೂ ಆಗಿವೆ. ಬಂಟ್ವಾಳ ತಾಲ್ಲೂಕಿನ ಕೃಷಿಕರೊಬ್ಬರು ಮರವೇರುವ ಬೈಕನ್ನೇ ನಿರ್ಮಿಸಿ 2019ರಲ್ಲಿ ದೇಶದ ಗಮನ ಸೆಳೆದರು. ಅದಕ್ಕೆ ಹಿಂದಿನ ವರ್ಷ ವಿಟ್ಲದಲ್ಲಿ ಮರವೇರುವುದನ್ನು ಕಲಿಸುವ ಶಿಬಿರವೊಂದು ನಡೆದು, ಕಲಿತವರಿಗೆ ‘ಅಡಿಕೆ ಕೌಶಲ್ಯ ಪಡೆ’ ಎಂದು ಹೆಸರಿಟ್ಟರು. ಹೆಸರಿನ ಬಲ ಅಲ್ಪವಲ್ಲ. ತೆಂಗು ಅಭಿವೃದ್ಧಿ ಮಂಡಲಿಯವರು 2011ರಲ್ಲಿ ಕೇರಳದಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ತರಬೇತಿಯನ್ನು ಆರಂಭಿಸಿ, ಕಲಿತವರ ಕೈಗೆ ಯಂತ್ರವನ್ನೂ ಅಪಘಾತ ವಿಮೆಯನ್ನೂ ಕೊಟ್ಟಾಗ, ಮರವೇರುವುದನ್ನು ಕನಸಿನಲ್ಲಿಯೂ ನೆನೆಯದಿದ್ದ ಹೆಂಗಸರು ಕೂಡ ಮುಂದೆ ಬಂದರು. ಅಡಿಕೆಯ ಮಾರಾಟಕ್ಕೆ 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಂಘ, 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್‌ಕೋಸ್, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿಕೊಂಡವು. ಅಡಿಕೆಗೆ ಇಷ್ಟು ಮನೆಗಳಿವೆ. ಅದನ್ನು ಇಳಿಸುವವನನ್ನೂ ಸಂಬಳದ ಮೇಲೆ ಇಟ್ಟುಕೊಂಡು, ಕಾರ್ತಿಕದಲ್ಲಿ ಕೊಯ್ಲು, ಆಷಾಢದಲ್ಲಿ ಮದ್ದು, ನಡುವೆ ಸಸಿ ಮಡಿಯ, ಕಸಿಯ, ಯಂತ್ರ ದುರಸ್ತಿಯ ಕೆಲಸ ಎಂದು ಹನ್ನೆರಡು ತಿಂಗಳನ್ನೂ ತುಂಬಿಸಿಕೊಡುವುದು ಆ ಸಂಘಗಳಿಗೆ ಅಸಾಧ್ಯವೇನೂ ಅಲ್ಲ. ಮಾಡಿದಲ್ಲಿ ಕಟ್ಟೆಯ ಮೇಲಿನ ಸಾಲು ಎಷ್ಟು ಕರಗುವುದೆಂದು ಹೊಸನಗರದ ಮಹನೀಯರು ಆಮೇಲೆ ಬರೆಯಲಿ.

ನನ್ನ ತರಗತಿಯಲ್ಲಿ ಮೂರನೆಯ ವರ್ಷದ ಬಿ.ಎ. ಓದುತ್ತಿರುವ ಹುಡುಗನೊಬ್ಬನಿದ್ದಾನೆ. ಹಳಗನ್ನಡವನ್ನು ಲಯ ಕೆಡದಂತೆ ಓದಬಲ್ಲವರು ತರಗತಿಯಲ್ಲಿ ಇಬ್ಬರೇ, ಅವನೊಬ್ಬ. ತಂದೆ ಎರಡು ವರ್ಷಗಳ ಹಿಂದೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಕಾರ್ತಿಕ ಬಂದರೆ ಇವನೇ ಏರುತ್ತಾನೆ. ಕಳೆದ ತಿಂಗಳು ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಕಂಪ್ಯೂಟರಿನ ಮುಂದೆ ನಾನೂ ಅವನ ಪಕ್ಕದಲ್ಲಿದ್ದೆ. ತಂದೆಯ ಉದ್ಯೋಗ ಎಂಬಲ್ಲಿ ಅವನು ‘ಕೂಲಿ’ ಎಂಬುದನ್ನು ಒತ್ತಿದನು. “ಕೊನೆಗೌಡ ಎಂದು ಬರೆಯಬಾರದೇನೋ?” ಎಂದು ಕೇಳಿದೆ. “ಇಲ್ಲಿ ಬರಿಯಾಕೆ ಬರಲ್ಲ ಸಾರ್, ಪಟ್ಟಿಯಾಗಿರೋದನ್ನೇ ಆರಿಸ್ಬೇಕು. ಅದು ಪಟ್ಟಿಯಾಗಿಲ್ಲ” ಎಂದನು.

ಈ ವಾರ ಅವನು ತರಗತಿಗೆ ಬಂದಿಲ್ಲ. ಪರೀಕ್ಷೆಗೆ ಕೂರಲು ನೂರಕ್ಕೆ ಎಪ್ಪತ್ತೈದು ಹಾಜರಿ ಬೇಕು. ಅವನದು ಈಗಾಗಲೇ ಅಂಚಿನಲ್ಲಿದೆ. ಇನ್ನೂ ಹದಿನಾಲ್ಕು ತೋಟಗಳಿಗೆ ಮಾತು ಕೊಟ್ಟಿದ್ದಾನಂತೆ, ಅವು ಮುಗಿದ ಕೂಡಲೆ ಬರುತ್ತೇನೆಂದು ಗೆಳೆಯನೊಡನೆ ಹೇಳಿ ಕಳುಹಿಸಿದ್ದಾನೆ.