ಅವಾರ್ಡ್ ಕೊಟ್ಟವರು ಏನನ್ನು ನೋಡಿದರು?

ಎರಡನೇ ವರ್ಷ ಮುಗಿಯೋ ಹೊತ್ತಿಗೆ ನಮ್ಮೆಲ್ಲರ ಲ್ಯಾಪ್‌ಟಾಪಲ್ಲೂ ರೆಸ್ಯೂಮೆ ಅಂತ ಒಂದು ಫೈಲ್ ಹುಟ್ಟಿಕೊಳ್ಳುತ್ತೆ. ಹೆಸರು, ಯುಎಸ್‌ಎನ್, ಸಿಜಿಪಿಎ, ಎರಡು ಮಿನಿ ಪ್ರಾಜೆಕ್ಟ್ ಎಲ್ಲ ತುಂಬಿದ ಮೇಲೂ ಕೆಳಗೆ ಒಂದಿಷ್ಟು ಜಾಗ ಉಳಿಯುತ್ತೆ. ಟೆಂಪ್ಲೇಟ್ ಮಾಡಿದ ಪುಣ್ಯಾತ್ಮ ಅಲ್ಲಿ ದಪ್ಪ ಅಕ್ಷರದಲ್ಲಿ 'ಅವಾರ್ಡ್ಸ್ ಅಂಡ್ ಆನರ್ಸ್' ಅಂತ ಬರೆದಿಟ್ಟಿರುತ್ತಾನೆ. ಆ ಜಾಗ ಖಾಲಿ ಬಿಡೋಕೆ ಯಾರಿಗೂ ಧೈರ್ಯ ಸಾಲದು. ಹೈಸ್ಕೂಲಿನ ಲೆಮನ್ ಅಂಡ್ ಸ್ಪೂನ್ ಕೂಡ ಅಲ್ಲಿಗೆ ಬಂದು ಕೂರುತ್ತೆ. ಇನ್‌ಬಾಕ್ಸಿಗೆ 'ಯಂಗ್ ಅಚೀವರ್ ಅವಾರ್ಡಿಗೆ ನೀವು ಆಯ್ಕೆಯಾಗಿದ್ದೀರಿ' ಅಂತ ಮೇಲ್ ಬರುತ್ತೆ, ಕೆಳಗೆ ಚಿಕ್ಕ ಅಕ್ಷರದಲ್ಲಿ ನೋಂದಣಿ ಶುಲ್ಕ. ನಾವು ಅರ್ಜಿಯನ್ನೇ ಹಾಕಿರಲ್ಲ. ನಮ್ಮನ್ನು ಯಾರು ನೋಡಿ ಆಯ್ಕೆ ಮಾಡಿದರೋ ದೇವರಿಗೇ ಗೊತ್ತು.

ಈ 'ನೋಡೋದು' ಅನ್ನೋ ಮಾತು ಅವಾರ್ಡ್ ಅನ್ನೋ ಪದದ ಹೊಟ್ಟೆಯಲ್ಲೇ ಇದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಅವಾರ್ಡ್ ಅಂದರೆ ಕಪ್ಪು, ಮೆಡಲ್ಲು, ಸ್ಟೇಜು, ಫೋಟೋ ಅಷ್ಟೇ. ಆದರೆ ಇದೇ ಪದವನ್ನು ಹಳ್ಳಿ ಕಡೆ ಕೇಳಿ ನೋಡಿ. ಹೈವೇಗೋ ಇಂಡಸ್ಟ್ರಿಯಲ್ ಏರಿಯಾಗೋ ಜಮೀನು ಹೋಗುವ ಊರುಗಳಲ್ಲಿ ಇಂಗ್ಲಿಷ್ ಬಾರದ ರೈತರೂ 'ನಮ್ಮ ಜಮೀನಿಗೆ ಅವಾರ್ಡ್ ಆಯ್ತು' ಅಂತಾರೆ. ಅವರಿಗೆ ಯಾರೂ ಶಾಲು ಹೊದಿಸಿರಲ್ಲ. ಅವರ ಭೂಮಿಗೆ ಪರಿಹಾರ ಇಷ್ಟು ಅಂತ ಅಧಿಕಾರಿ ತೀರ್ಮಾನ ಬರೆದಿದ್ದಾರೆ ಅಂತ ಅರ್ಥ. ಅಪ್ಪ ಅವಾರ್ಡ್ ಅಂದರೆ ತಲೆ ಮೇಲೆ ಕೈ ಹೊತ್ತು ಕೂರೋದು, ಮಗ ಅವಾರ್ಡ್ ಅಂದರೆ ಸ್ಟೇಟಸ್ ಹಾಕೋದು. ಎರಡೂ ಒಂದೇ ಪದ.

ಕಾವೇರಿ ವಿಷಯಕ್ಕೆ ಬನ್ನಿ. ನಾವೆಲ್ಲ ಹುಟ್ಟುವ ಆಸುಪಾಸಿನಲ್ಲಿ, 2007ರ ಫೆಬ್ರವರಿ 5ರಂದು, ಕಾವೇರಿ ನ್ಯಾಯಮಂಡಳಿ ಕೊಟ್ಟ ಅಂತಿಮ ತೀರ್ಮಾನವನ್ನು ಇಂಗ್ಲಿಷ್ ಪೇಪರುಗಳು ಅವಾರ್ಡ್ ಎಂದೇ ಕರೆದವು. ಒಟ್ಟು 740 ಟಿಎಂಸಿ ನೀರಿನ ಲೆಕ್ಕದಲ್ಲಿ ಕರ್ನಾಟಕಕ್ಕೆ 270, ತಮಿಳುನಾಡಿಗೆ 419, ಉಳಿದದ್ದರಲ್ಲಿ ಕೇರಳ, ಪುದುಚೇರಿ. ಈ ಅವಾರ್ಡ್ ಬಂದಾಗ ನಮ್ಮಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಬಂದ್ ಮಾಡಿದರು. ಕನ್ನಡ ಪತ್ರಿಕೆಗಳು ಮಾತ್ರ ಇದಕ್ಕೆ 'ಪ್ರಶಸ್ತಿ' ಅಂತ ಬರೆಯಲಿಲ್ಲ. 'ಐತೀರ್ಪು' ಅಂತ ಬೇರೆಯೇ ಪದ ಬಳಸಿದವು. ನಮ್ಮ ಭಾಷೆ ಎರಡು ಡಬ್ಬಿಯಲ್ಲಿ ಇಟ್ಟಿದ್ದನ್ನು ಇಂಗ್ಲಿಷ್ ಒಂದೇ ಡಬ್ಬಿಯಲ್ಲಿ ಇಟ್ಟಿದೆ.

ಇನ್ನೂ ಇವೆ. ಟೆಂಡರ್ ಯಾರಿಗೋ ಸಿಕ್ಕರೆ ಕಾಂಟ್ರಾಕ್ಟ್ ಅವಾರ್ಡ್ ಆಯ್ತು ಅಂತಾರೆ. ಉತ್ತರಪತ್ರಿಕೆಯ ಮೊದಲ ಪುಟದಲ್ಲಿ 'ಮಾರ್ಕ್ಸ್ ಅವಾರ್ಡೆಡ್' ಅಂತ ಕಾಲಂ ಇರುತ್ತೆ, ಅಲ್ಲಿ ಸೊನ್ನೆ ಬಿದ್ದರೂ ಅದು ಅವಾರ್ಡೇ! ಅಮೆರಿಕಕ್ಕೆ ಓದೋಕೆ ಹೋಗುವವರಿಗೆ ಬರುವ 'ಅವಾರ್ಡ್ ಲೆಟರ್'ನಲ್ಲಿ ಫೀಸಿಗೆ ಎಷ್ಟು ದುಡ್ಡು ಒದಗುತ್ತೆ ಅಂತ ಇರುತ್ತೆ, ಅಲ್ಲಿನವರ ಪತ್ರದಲ್ಲಾದರೆ ಎಷ್ಟೋ ಸಲ ಅದರೊಳಗೆ ಸಾಲವೂ ಸೇರಿರುತ್ತೆ. ಆಸ್ಟ್ರೇಲಿಯಾದಲ್ಲಂತೂ ಅವಾರ್ಡ್ ಅಂದರೆ ಒಂದೊಂದು ಕಸುಬಿಗೂ ಕನಿಷ್ಠ ಸಂಬಳ, ಕೆಲಸದ ಗಂಟೆ, ರಜೆ ನಿಗದಿ ಮಾಡುವ ಕಾನೂನು ದಾಖಲೆ. ಅಂಥವು ನೂರಕ್ಕೂ ಹೆಚ್ಚಿವೆ. ಅಲ್ಲಿ ಕಾಫಿ ಶಾಪಲ್ಲಿ ಕಪ್ ತೊಳೆಯೋ ಹುಡುಗನೂ ಒಂದು ಅವಾರ್ಡಿನ ಅಡಿಯಲ್ಲೇ ಕೆಲಸ ಮಾಡ್ತಾನೆ.

ಇವಕ್ಕೆಲ್ಲ ಏನು ಸಂಬಂಧ ಅಂದರೆ, ಪದದ ಬೇರು. ಹಳೆಯ ಫ್ರೆಂಚಿನ ಒಂದು ಉಪಭಾಷೆಯಲ್ಲಿ 'ಎಸ್ವಾರ್ಡೇರ್' ಅಂತ ಕ್ರಿಯಾಪದ ಇತ್ತು. ಚೆನ್ನಾಗಿ ಗಮನಿಸಿ, ಪರಿಶೀಲಿಸಿ ತೀರ್ಮಾನ ಹೇಳೋದು ಅಂತ ಅರ್ಥ. ಅದೇ ಇಂಗ್ಲಿಷಿಗೆ ಬಂದು ಅವಾರ್ಡ್ ಆಯ್ತು. ಮೊದಲು ಅದು ತೀರ್ಪು, ಬಹುಮಾನ ಅನ್ನೋ ಅರ್ಥ ಆಮೇಲಿನದು. ಅದರ ಒಳಗಿರುವ 'ವಾರ್ಡ್' ಅಂದರೆ ಕಾಯೋದು, ಕಣ್ಣಿಟ್ಟಿರೋದು. ಗಾರ್ಡ್, ರಿವಾರ್ಡ್ ಎಲ್ಲ ಅದೇ ಕುಟುಂಬ. ನಮ್ಮ ಹಾಸ್ಟೆಲ್ ವಾರ್ಡನ್ ಕೂಡ ಅದೇ ಮನೆತನದವರು. ರಾತ್ರಿ ಹತ್ತರ ಮೇಲೆ ಗೇಟಿನ ಹತ್ತಿರ ಕಣ್ಣಿಟ್ಟಿರುತ್ತಾರಲ್ಲ, ಆ ಕೆಲಸ ಪದದೊಳಗೇ ಇದೆ.

ನಮ್ಮ 'ಪ್ರಶಸ್ತಿ'ಯ ಕಥೆ ಬೇರೆ. ಅದರ ಮೂಲದಲ್ಲಿ ಇರೋದು ನೋಟ ಅಲ್ಲ, ಹೊಗಳಿಕೆ. ಕಲ್ಲಿನ ಮೇಲೆ ಕೆತ್ತಿಸಿದ ರಾಜನ ಹೊಗಳಿಕೆಗೆ ಪ್ರಶಸ್ತಿ ಅಂತಿದ್ದರು. ಕ್ರಿ.ಶ. 634ರ ಐಹೊಳೆ ಶಾಸನ ಅಂಥದ್ದು. ಮೇಗುತಿ ಬಸದಿಯ ಗೋಡೆಯಲ್ಲಿ ರವಿಕೀರ್ತಿ ಎಂಬ ಕವಿ ಇಮ್ಮಡಿ ಪುಲಕೇಶಿಯನ್ನು ಸಂಸ್ಕೃತದಲ್ಲಿ ಕೊಂಡಾಡಿದ್ದಾನೆ. ಹರ್ಷನನ್ನು ಸೋಲಿಸಿದ್ದು ಅದರಲ್ಲೇ ಇದೆ. ಕೊನೆಗೆ ತನ್ನ ಕೀರ್ತಿಯನ್ನೂ ಕಾಳಿದಾಸ, ಭಾರವಿಯರ ಸಾಲಿಗೆ ತಾನೇ ಸೇರಿಸಿಕೊಂಡಿದ್ದಾನೆ. ಲಿಂಕ್ಡ್‌ಇನ್ ಪೋಸ್ಟ್ ಹಾಕುವವರು ಬೇಸರ ಮಾಡಿಕೊಳ್ಳಬಾರದು, ನಿಮಗೆ ಸುಮಾರು 1400 ವರ್ಷದ ಪರಂಪರೆ ಇದೆ.

ತಮಾಷೆ ಸಾಕು. ಪ್ರಶಸ್ತಿಯೊಳಗೆ ಹೊಗಳಿಕೆ, ಅವಾರ್ಡಿನೊಳಗೆ ತೀರ್ಪು. ನಮ್ಮ ಕ್ಯಾಂಪಸ್ಸಿನಲ್ಲಿ ನಾವು ಅವಾರ್ಡ್ ಅಂತ ಹೆಸರಿಟ್ಟು ಹಂಚುತ್ತಿರೋದು ಬಹುಪಾಲು ಹೊಗಳಿಕೆ ಮಾತ್ರ, ತೀರ್ಪಿನ ಭಾಗವನ್ನು ಸದ್ದಿಲ್ಲದೆ ಬಿಟ್ಟಿದ್ದೇವೆ. ಇದು ನಮ್ಮ ತಕರಾರು.

ಫೆಸ್ಟಿನ ಕೊನೇ ದಿನ ನೋಡಿ. ಮುಖ್ಯ ಅತಿಥಿಗೂ ಅದೇ ಅಕ್ರಿಲಿಕ್ ಮೆಮೆಂಟೊ, ಸ್ಪಾನ್ಸರ್‌ಗೂ ಅದೇ, ಗೆದ್ದವರಿಗೂ ಅದೇ, ಮೈಕ್ ಹಿಡಿದು ಓಡಾಡಿದ ವಾಲಂಟಿಯರ್‌ಗೂ ಅದೇ. ಎಲ್ಲವನ್ನೂ ಆಂಕರ್ 'ಅವಾರ್ಡ್' ಅಂತಲೇ ಕರೀತಾಳೆ. ಕನ್ನಡದಲ್ಲಿ ಇವಕ್ಕೆ ಬೇರೆ ಬೇರೆ ಪದ ಇದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ ಇದ್ದರೆ ಅದು ಸನ್ಮಾನ, ಅಲ್ಲಿ ಸ್ಪರ್ಧೆ ಇಲ್ಲ. ಸ್ಪರ್ಧೆಯಲ್ಲಿ ಗೆದ್ದರೆ ಬಹುಮಾನ. ರ‍್ಯಾಂಕ್ ಬಂದರೆ ಪದಕ. ಹೆಸರಿನ ಹಿಂದೆ ಮುಂದೆ ಅಂಟಿಕೊಳ್ಳೋದು ಬಿರುದು. ಬಿರುದು ಮತ್ತು ಪ್ರಶಸ್ತಿ ಒಂದಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿದೆ, ಆದರೆ ಭಾರತರತ್ನ, ಪದ್ಮ ಪ್ರಶಸ್ತಿಗಳು ಬಿರುದಲ್ಲ, ಅವನ್ನು ಹೆಸರಿಗೆ ಸೇರಿಸಿ ಬಳಸುವಂತಿಲ್ಲ ಅಂತ 1995ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಆದರೂ ಬ್ಯಾನರ್ ಪ್ರಿಂಟ್ ಮಾಡುವಾಗ ಅತಿಥಿಯ ಹೆಸರಿನ ಮುಂದೆ 'ಪದ್ಮಶ್ರೀ' ಅಂತ ಹಾಕದಿದ್ದರೆ ನಮಗೆ ಸಮಾಧಾನ ಇಲ್ಲ.

ಪ್ರಾಜೆಕ್ಟ್ ಎಕ್ಸಿಬಿಷನ್‌ಗಳ ಕಥೆ ಇದಕ್ಕಿಂತ ಬೇಜಾರಿನದು. ನಮ್ಮ ಪರಿಚಯದ ಒಂದು ತಂಡ ಮೂರು ತಿಂಗಳು ಮಣ್ಣಿನ ತೇವ ಅಳೆಯುವ ಸೆನ್ಸರ್ ಜೊತೆ ಗುದ್ದಾಡಿತ್ತು. ಸೆನ್ಸರ್ ತುಕ್ಕು ಹಿಡಿದು ರೀಡಿಂಗ್ ತಪ್ಪೋದು, ಅದನ್ನು ಸರಿಮಾಡಿ, ಒಬ್ಬಳ ಮನೆ ತೋಟದಲ್ಲಿ ಇಟ್ಟು ಟೆಸ್ಟ್ ಮಾಡಿ, ಕಾಗದದಲ್ಲಿ ರೀಡಿಂಗ್ ಬರೆದುಕೊಂಡು ಬಂದಿದ್ದರು. ಜಡ್ಜ್‌ಗಳು ಆ ಸಾಲಿನ ಇಪ್ಪತ್ತು ಸ್ಟಾಲ್‌ಗಳನ್ನು ಅರ್ಧ ಗಂಟೆಯಲ್ಲಿ ಮುಗಿಸಿದರು. ಆ ಕಾಗದವನ್ನು ಯಾರೂ ಕೈಗೆ ತಗೊಳ್ಳಲಿಲ್ಲ. ಬೆಸ್ಟ್ ಪ್ರಾಜೆಕ್ಟ್ ಬೇರೆಯವರಿಗೆ ಹೋಯಿತು. ಗೆದ್ದವರೂ ಚೆನ್ನಾಗೇ ಮಾಡಿರಬಹುದು, ಅದರ ಬಗ್ಗೆ ಜಗಳ ಇಲ್ಲ. ಆದರೆ ಯಾಕೆ ಗೆದ್ದರು ಅಂತ ಗೆದ್ದವರಿಗೂ ಗೊತ್ತಿಲ್ಲ, ಯಾಕೆ ಸೋತೆವು ಅಂತ ಸೋತವರಿಗೂ ಗೊತ್ತಿಲ್ಲ. ಕೇಳಿದರೆ ಪೋಸ್ಟರಿನ ಕೊನೇ ಸಾಲು ತೋರಿಸುತ್ತಾರೆ: ತೀರ್ಪುಗಾರರ ತೀರ್ಮಾನವೇ ಅಂತಿಮ. ಮುಂದಿನ ವರ್ಷ ಆ ತಂಡ ಹೆಸರೇ ಕೊಡಲಿಲ್ಲ. 'ಪಿಪಿಟಿಗೆ ಬಣ್ಣ ಬಳಿಯೋಕೆ ನಮಗೆ ಬರಲ್ಲ ಬಿಡ್ರೋ' ಅಂದರು.

ಕೋಟಿಗಟ್ಟಲೆ ದುಡ್ಡಿನ ವ್ಯಾಜ್ಯದಲ್ಲೂ ಅಷ್ಟು ಜಂಬದ ಸಾಲು ನಡೆಯಲ್ಲ. ನಮ್ಮ ದೇಶದ 1996ರ ಮಧ್ಯಸ್ಥಿಕೆ ಕಾನೂನಿನ ಪ್ರಕಾರ, ಎರಡೂ ಕಡೆಯವರು ಬೇಡ ಅಂತ ಒಪ್ಪಿಕೊಂಡಂಥ ಸಂದರ್ಭ ಬಿಟ್ಟರೆ, ಮಧ್ಯಸ್ಥಗಾರರು ತಮ್ಮ ಅವಾರ್ಡಿಗೆ ಕಾರಣ ಬರೆಯಲೇಬೇಕು. ಕೆಲವು ಕಾರಣಗಳಿದ್ದರೆ ಕೋರ್ಟಿಗೆ ಹೋಗಿ ಅದನ್ನು ರದ್ದು ಮಾಡಿಸಲೂಬಹುದು. ಕಾವೇರಿಯ ಅಂತಿಮ ಅವಾರ್ಡಿನ ವರದಿ ಐದು ಸಂಪುಟ ಇದೆ. 'ಅಂತಿಮ' ಅಂತ ಹೆಸರಿದ್ದರೂ ಅದು ಸುಪ್ರೀಂ ಕೋರ್ಟಿಗೆ ಹೋಗಿ, 2018ರ ಫೆಬ್ರವರಿ 16ರಂದು ನಮ್ಮ ಪಾಲಿಗೆ ಇನ್ನೂ 14.75 ಟಿಎಂಸಿ ಸೇರಿತು. ಕಾರಣಗಳು ಬರಹದಲ್ಲಿ ಇದ್ದದ್ದರಿಂದಲೇ ಇದು ಸರಿ, ಇದು ಸರಿಯಲ್ಲ ಅಂತ ವಾದ ಮಾಡೋಕೆ ಆಯ್ತು. ಕಾರಣವೇ ಇಲ್ಲದ ತೀರ್ಪಿನ ಜೊತೆ ಯಾರು ಏನಂತ ವಾದ ಮಾಡ್ತಾರೆ?

ಗೌರವದ ಅವಾರ್ಡುಗಳಲ್ಲೂ ಒಳ್ಳೆಯವು ಹೀಗೇ ಇರ್ತವೆ. ಕಂಪ್ಯೂಟರ್ ಸೈನ್ಸಿನ ಟ್ಯೂರಿಂಗ್ ಅವಾರ್ಡ್ 1966ರಿಂದ ಇದೆ, ಪ್ರತಿಯೊಂದಕ್ಕೂ 'ಇದಕ್ಕಾಗಿ' ಅಂತ ಒಂದು ಒಕ್ಕಣೆ ಇರುತ್ತೆ. ಮೊದಲನೇ ವರ್ಷದಲ್ಲೇ ಸಿ ಕಲಿತ ನಮಗೆ ಡೆನಿಸ್ ರಿಚಿ ಅಂದರೆ ಸಿ ಭಾಷೆ. ಆದರೆ 1983ರಲ್ಲಿ ಅವರಿಗೂ ಕೆನ್ ಥಾಂಪ್ಸನ್‌ಗೂ ಅವಾರ್ಡ್ ಕೊಟ್ಟ ಒಕ್ಕಣೆಯಲ್ಲಿ ಇರೋದು ಆಪರೇಟಿಂಗ್ ಸಿಸ್ಟಮ್ ಸಿದ್ಧಾಂತ ಮತ್ತು ಯುನಿಕ್ಸ್. ಸಿ ಹೆಸರೇ ಇಲ್ಲ. ಇದು ನ್ಯಾಯವೋ ಅಲ್ಲವೋ ಅಂತ ಕ್ಯಾಂಟೀನಲ್ಲಿ ಒಂದು ಟೀ ಮುಗಿಯೋವರೆಗೆ ವಾದ ಮಾಡಬಹುದು. ಅಷ್ಟಾದರೂ ಮಾಡೋಕೆ ಆಗೋದು ಏನು ನೋಡಿದೆವು ಅಂತ ಕೊಟ್ಟವರು ಹೇಳಿರೋದರಿಂದ. ಎನ್‌ಪಿಟಿಇಎಲ್ ಸರ್ಟಿಫಿಕೇಟನ್ನೇ ತಗೊಳ್ಳಿ: ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75, ಒಟ್ಟು 90 ದಾಟಿದರೆ ಗೋಲ್ಡ್. ಅಂಕವನ್ನು ಸರ್ಟಿಫಿಕೇಟ್ ಮೇಲೇ ಅಚ್ಚು ಹಾಕಿರ್ತಾರೆ. ಅದರ ಬಗ್ಗೆ ಬೈಕೊಂಡವರನ್ನು ನೋಡಿದ್ದೇವೆ, ಮೋಸ ಅಂದವರನ್ನು ನೋಡಿಲ್ಲ.

ನಮ್ಮ ಕನ್ನಡ ಸಂಘಗಳ ನಿರೂಪಣೆಯಲ್ಲಿ ತಪ್ಪದೆ ಬರುವ ಮಾತು 'ಎಂಟು ಜ್ಞಾನಪೀಠ'. ಹೆಮ್ಮೆಯ ಮಾತೇ. ಆದರೆ ಅದನ್ನು ಮ್ಯಾಚ್ ಸ್ಕೋರಿನ ಹಾಗೆ ಹೇಳ್ತೀವಿ. ಎಂಟರಲ್ಲಿ ಮೊದಲ ನಾಲ್ಕು ಒಂದೊಂದು ಕೃತಿಯನ್ನು ಹೆಸರಿಸಿ ಬಂದವು: ಕುವೆಂಪು ಅವರ ಶ್ರೀರಾಮಾಯಣ ದರ್ಶನಂ, ಬೇಂದ್ರೆಯವರ ನಾಕುತಂತಿ, ಕಾರಂತರ ಮೂಕಜ್ಜಿಯ ಕನಸುಗಳು, ಮಾಸ್ತಿಯವರ ಚಿಕವೀರ ರಾಜೇಂದ್ರ. ಗೋಕಾಕರಿಂದ ಕಂಬಾರರವರೆಗಿನ ನಾಲ್ಕು ಒಟ್ಟಾರೆ ಸಾಹಿತ್ಯಕ್ಕೆ. ಅಂದರೆ ಮೊದಲ ನಾಲ್ಕರಲ್ಲಿ ಯಾವ ಪುಸ್ತಕ ತೆಗೆದು ನೋಡಬೇಕು ಅಂತ ಕೊಟ್ಟವರೇ ಕೈ ತೋರಿಸಿದ್ದಾರೆ. ನಿರೂಪಣೆಯಲ್ಲಿ 'ಎಂಟು' ಅನ್ನೋ ಬದಲು ಪುಸ್ತಕದ ಹೆಸರು ಹೇಳಿದರೆ ಒಬ್ಬನಾದರೂ ಲೈಬ್ರರಿ ಕಡೆ ಹೋಗಬಹುದು.

'ಒಂದು ಕಪ್ಪಿಗೆ ಇಷ್ಟೊಂದು ಸೀರಿಯಸ್ಸಾ ಗುರೂ?' ಅಂತ ಕೇಳುವವರಿಗೆ ನಾವು ಹೇಳೋದು: ಕಪ್ ಇರಲಿ. ವಾಲಂಟಿಯರ್‌ಗೆ ಎಲ್ಲರೆದುರು ಥ್ಯಾಂಕ್ಸ್ ಹೇಳೋದೂ ಬೇಕು, ಭಾಗವಹಿಸಿದವರ ಬೆನ್ನು ತಟ್ಟೋದೂ ಬೇಕು. ಅದನ್ನು ಅಭಿನಂದನೆ ಅನ್ನಿ, ಮೆಚ್ಚುಗೆ ಅನ್ನಿ. ಆದರೆ 'ಬೆಸ್ಟ್' ಅಂತ ಬರೆದ ಮೇಲೆ ಅದು ತೀರ್ಪು. ತೀರ್ಪು ಕೊಟ್ಟವರು ಏನು ನೋಡಿದರು ಅಂತ ಕೇಳೋ ಹಕ್ಕು ಸೋತವರಿಗೆ ಇರಬೇಕು.

ಹೊರಗೆಲ್ಲ ಬದಲಾಯಿಸೋಕೆ ನಮಗೆ ಆಗದಿರಬಹುದು, ನಮ್ಮ ಸಂಘದಲ್ಲಿ ಆಗುತ್ತೆ. ನವೆಂಬರಿನ ರಾಜ್ಯೋತ್ಸವ ಸ್ಪರ್ಧೆಗಳಿಗೆ ಚರ್ಚೆ, ಆಶುಭಾಷಣ, ಕಥೆ, ರಂಗೋಲಿ ಅಂತ ಪಟ್ಟಿ ಆಗಿದೆ. ಯಾವುದಕ್ಕೆ ಎಷ್ಟು ಅಂಕ ಅಂತ ಪೋಸ್ಟರಿನಲ್ಲೇ ಹಾಕೋಣ. ಸ್ಪರ್ಧೆ ಮುಗಿದ ಸಂಜೆ ಅಂಕಪಟ್ಟಿ ನೋಟಿಸ್ ಬೋರ್ಡಿಗೆ ಬರಲಿ. ಗೆದ್ದವರ ಪ್ರಮಾಣಪತ್ರದಲ್ಲಿ ಯಾಕೆ ಗೆದ್ದರು ಅಂತ ತೀರ್ಪುಗಾರರು ಕೈಬರಹದಲ್ಲಿ ಎರಡು ಸಾಲು ಬರೆಯಲಿ, ಕೇಳಿಕೊಂಡು ಬಂದ ಸೋತವರಿಗೂ ಒಂದು ಸಾಲು ಹೇಳಲಿ. ಪ್ರಮಾಣಪತ್ರದ ಡಿಸೈನ್ ಇನ್ನೂ ಪ್ರಿಂಟಿಗೆ ಹೋಗಿಲ್ಲ. ಸಹಿಯ ಮೇಲೆ ಕೆಂಪು ಹಳದಿ ಬಾವುಟದ ಚಿತ್ರ ಇದೆಯಲ್ಲ, ಅದನ್ನು ಒಂದು ಇಂಚು ಮೇಲಕ್ಕೆ ಸರಿಸಿದರೆ ಎರಡು ಸಾಲಿಗೆ ಜಾಗ ಆಗುತ್ತೆ.