ಎಳೆಯರ ಕೈಗೆ ಎಂತಹ ಆಟ?

ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ಶಾಸನವನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದುದು ಸ್ತುತ್ಯವೇ ಸರಿ. ಆದರೆ ಇದರಿಂದ ತಂದೆತಾಯಿಗಳ ಹೊಣೆ ಇಳಿಯಿತೆಂಬುದು ಭ್ರಮೆ. ಗೆಲ್ಲುವ ಆಸೆ ಹುಟ್ಟಿಸಿ ದೊಡ್ಡವರಿಂದ ಪಣವೊಡ್ಡಿಸುವ ಆಟಗಳನ್ನು ಶಾಸನವು ತಡೆದೀತು. ಬಣ್ಣದ ಅಂಗಿಯನ್ನು ತೋರಿಸಿ ಐದು ವರ್ಷದ ಕೂಸಿನ ಬೆರಳಿನಿಂದ ತಂದೆಯ ಹಣವನ್ನು ಸೆಳೆಯುವ ಆಟಗಳನ್ನು ಗುರುತಿಸಬೇಕಾದವರು ಮನೆಯವರೇ.

ಇದು ನಮ್ಮ ಊಹೆಯಲ್ಲ. ಫೋರ್ಟ್‌ನೈಟ್ ಆಟದ ಒಡೆಯರಾದ ಎಪಿಕ್ ಗೇಮ್ಸ್ ಕಂಪೆನಿಯವರು 2022ರ ಡಿಸೆಂಬರಿನಲ್ಲಿ ಅಮೆರಿಕಾದಲ್ಲಿ ದಂಡ ಹಾಗೂ ಮರುಪಾವತಿಗಳೆಂದು ಒಟ್ಟು 52 ಕೋಟಿ ಡಾಲರು ತೆರಲು ಒಪ್ಪಬೇಕಾಯಿತು. ಹೆತ್ತವರ ಅನುಮತಿಯಿಲ್ಲದೆ ಮಕ್ಕಳ ವಿವರಗಳನ್ನು ಸಂಗ್ರಹಿಸಿದರು, ಅಪರಿಚಿತರೊಡನೆ ಮಾತಿಗೆ ಬಿಟ್ಟರು, ಗುಂಡಿಯೊತ್ತಿದ ಮಾತ್ರಕ್ಕೆ ಹಣ ಕಿತ್ತರು ಎಂಬುವೇ ಅವರ ಮೇಲಣ ಆಪಾದನೆಗಳು.

ಯೂರೋಪಿನ ಪೆಗಿ ಎಂಬ ವ್ಯವಸ್ಥೆಯಲ್ಲಿ 2003ರಿಂದ ಆಟಗಳಿಗೆ 3, 7, 12, 16, 18 ಎಂಬ ವಯಸ್ಸಿನ ಅಂಕೆಗಳನ್ನು ಹಾಕುತ್ತಿರುವರು. ಹಿಂಸೆ, ಅಶ್ಲೀಲಗಳ ವಿಷಯದಲ್ಲಿ ಅದು ಉಪಯುಕ್ತವಾದುದು. ಆದರೆ ಅಂಕೆ 3 ಎಂದಿರುವುದರಿಂದಲೇ ಆಟವು ಮೂರು ವರ್ಷದ ಮಗುವಿಗೆ ತಿಳಿಯುವುದೆಂದಲ್ಲ. ಚದುರಂಗಕ್ಕೂ ಅದೇ ಅಂಕೆ ಸಲ್ಲುವುದು!

ಹೆತ್ತವರು ಮೊದಲು ತಾವೇ ಅರ್ಧ ಗಂಟೆ ಆಡಿ ನೋಡತಕ್ಕದ್ದು. ಒಮ್ಮೆ ಬೆಲೆಕೊಟ್ಟ ಮೇಲೆ ಮತ್ತೆ ಹಣ ಕೇಳದ, ಜಾಹೀರಾತಿಲ್ಲದ, ಇಂಟರ್‌ನೆಟ್ಟಿನ ಹಂಗಿಲ್ಲದ, ಎಲ್ಲಿಯಾದರೂ ಮುಗಿಯುವ ಆಟವೇ ಲೇಸು. ಪುಕ್ಕಟೆಯೆಂದು ಬರುವ ಆಟ ಅನೇಕ ವೇಳೆ ದುಬಾರಿ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲಿಯೇ ತಿಳಿಸಿರುವರು. ಕಚೇರಿಯಿಂದ ಬಂದ ಮಹನೀಯರು ಮಗುವಿನ ಕೈಗೆ ಫೋನು ಕೊಟ್ಟು ಪತ್ರಿಕೆ ಬಿಡಿಸಿ ಕೂರುವುದನ್ನು, ಅದು ನಮ್ಮ ಪತ್ರಿಕೆಯೇ ಆಗಿದ್ದರೂ, ನಾವು ಒಪ್ಪೆವು. ಹಣ ಪಾವತಿಯ ಗುಪ್ತಸಂಖ್ಯೆಯನ್ನು ಮಗುವಿನ ಕಣ್ಣೆದುರಿಗೆ ಒತ್ತುವ ಅಭ್ಯಾಸವನ್ನಂತೂ ಅವರು ಇಂದೇ ಬಿಡಲಿ.