ಹಾಸ್ಟೆಲ್‌ನಲ್ಲಿ ರಾತ್ರಿಯ ಹೊಣೆ ಯಾರದ್ದು?

ಹೊಸೂರು: ಮಗಳಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಹಾಸ್ಟೆಲ್ಲೂ ಗೊತ್ತಾಯಿತು ಎಂದಾಗ ತಳಿ, ಡೆಂಕಣಿಕೋಟೆ ಕಡೆಯ ತಂದೆತಾಯಿಯರು ಸಾಮಾನ್ಯವಾಗಿ ವಿಚಾರಿಸುವುದು ಎರಡೇ: ಬಾಡಿಗೆ ಎಷ್ಟು, ಊಟ ಹೇಗೆ. ರಾತ್ರಿ ಅಲ್ಲಿ ಯಾರಿರುತ್ತಾರೆ ಎಂಬ ಮೂರನೆಯ ಪ್ರಶ್ನೆಯನ್ನು ತಮಿಳುನಾಡಿನ ಕಾನೂನೇ ಕೇಳುತ್ತದೆ.

2014ರಲ್ಲಿ ಪೊಳ್ಳಾಚಿಯ ಹಾಸ್ಟೆಲೊಂದರ ಇಬ್ಬರು ಬಾಲಕಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತು. ಅದೇ ವರ್ಷ ತಮಿಳುನಾಡು ಸರ್ಕಾರ ಮಹಿಳೆಯರ ಹಾಗೂ ಮಕ್ಕಳ ಹಾಸ್ಟೆಲ್ ಮತ್ತು ವಸತಿಗೃಹ ನಿಯಂತ್ರಣ ಕಾಯ್ದೆ ತಂದಿತು. ಇದರಂತೆ ಹಾಸ್ಟೆಲ್ ನಡೆಸಲು ಜಿಲ್ಲಾಧಿಕಾರಿಗಳ ಪರವಾನಗಿ ಬೇಕು. ಮಹಿಳಾ ಹಾಸ್ಟೆಲ್‌ನಲ್ಲಿ ವಾರ್ಡನ್ ಮಹಿಳೆಯೇ ಆಗಿದ್ದು, ಅಲ್ಲೇ ವಾಸವಿರಬೇಕು. ಕಾವಲುಗಾರರೂ ಇರಬೇಕು. ಪರವಾನಗಿ ಇಲ್ಲದೆ ನಡೆಸಿದವರಿಗೆ 2 ವರ್ಷದವರೆಗೆ ಸಜೆ, 50,000 ರೂ.ವರೆಗೆ ದಂಡವಿದೆ.

ಆದರೆ ಹೆಸರಿಗೊಬ್ಬ ವಾರ್ಡನ್ ಇದ್ದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ. 2025ರ ನವೆಂಬರ್‌ನಲ್ಲಿ ಹೊಸೂರು ಸಮೀಪದ ನಾಗಮಂಗಲದಲ್ಲಿ ಮಹಿಳಾ ಕಾರ್ಮಿಕರ ವಸತಿಯ ಸ್ನಾನಗೃಹದಲ್ಲಿ ಗುಪ್ತ ಕ್ಯಾಮೆರಾ ಪತ್ತೆಯಾಯಿತು. ಕಾರ್ಮಿಕರು ಬೀದಿಗಿಳಿದರು. ಪೊಲೀಸರು ಬಂಧಿಸಿದವರಲ್ಲಿ ಒಬ್ಬಾಕೆ ಅಲ್ಲೇ ವಾಸವಿದ್ದವಳು. ಅಪಾಯ ಹೊರಗಿನಿಂದಲೇ ಬರಬೇಕೆಂದಿಲ್ಲ. ಗೇಟಿನ ಕಾವಲು ಸ್ನಾನಗೃಹದವರೆಗೆ ತಲುಪದು. ಒಳಗೆ ಓಡಾಡುವ, ದೂರು ಕೇಳುವ ವಾರ್ಡನ್ ಬೇಕು ಎಂಬುದು ಅದಕ್ಕೇ.

ಇಲ್ಲಿ ಇನ್ನೊಂದು ತೊಡಕಿದೆ. ವಾರ್ಡನ್‌ಗೆ ಸಂಬಳ ಕೊಡುವವರು ಮಾಲೀಕರು. ಮಾಲೀಕರ ಮೇಲಿನ ದೂರನ್ನು ಆಕೆ ಯಾರಿಗೆ ಒಪ್ಪಿಸಬೇಕು? ಪರವಾನಗಿ ಕೊಡುವವರು ಜಿಲ್ಲಾಧಿಕಾರಿಗಳಾದ್ದರಿಂದ ಕೃಷ್ಣಗಿರಿ ಕಲೆಕ್ಟರ್ ಕಚೇರಿಯ ಸೋಮವಾರದ ಕುಂದುಕೊರತೆ ದಿನದಲ್ಲಿ ಮನವಿ ಕೊಡಲು ಅವಕಾಶವಿದೆ. ಮಹಿಳಾ ಸಹಾಯವಾಣಿ 181 ಕೂಡ ಇದೆ.

ಗಡಿಯಾಚೆ ಬೆಂಗಳೂರಿನಲ್ಲೂ ಎಚ್ಚರ ಬಂದದ್ದು ಅನಾಹುತದ ನಂತರವೇ. 2024ರ ಜುಲೈನಲ್ಲಿ ಕೋರಮಂಗಲದ ಪಿಜಿಯಲ್ಲಿ ಯುವತಿಯ ಕೊಲೆಯಾದ ಮೇಲೆ, ಆಗಿನ ಬಿಬಿಎಂಪಿ ಆಗಸ್ಟ್‌ನಲ್ಲಿ ಸಿಸಿಟಿವಿ, ದಿನವಿಡೀ ಭದ್ರತಾ ಸಿಬ್ಬಂದಿ, ತಲಾ 70 ಚದರಡಿ ಜಾಗ ಮುಂತಾದ ಮಾರ್ಗಸೂಚಿ ಹೊರಡಿಸಿತು. ಅದು ಪಾಲಿಕೆಯ ಸೂಚನೆ. ತಮಿಳುನಾಡಿನದು ಜೈಲುಶಿಕ್ಷೆಯಿರುವ ಕಾಯ್ದೆ. ಹೀಗಾಗಿ ಅತ್ತಿಬೆಲೆ ಗಡಿ ದಾಟಿದರೆ ಕೇಳಬೇಕಾದ ಕಾಗದವೂ ಬದಲಾಗುತ್ತದೆ.

ಮಗಳ ಪೆಟ್ಟಿಗೆ ಇಳಿಸುವ ದಿನ ಪರವಾನಗಿ ತೋರಿಸಲು ಹೇಳಬೇಕು. ವಾರ್ಡನ್ ಮಲಗುವ ಕೋಣೆ ಯಾವುದೆಂದು ನೋಡಬೇಕು. ತೋರಿಸಲು ಹಿಂಜರಿದರೆ, ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ.